ಎಂಟು ಮನೆಯ ಮುಯ್ಯಾಳು

ನಮ್ಮೂರು ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಕಪಿಲೆಯಿಂದ ಬರುವ ನಾಲೆಯ ಕೆಳಗೆ ಇದೆ. ಆ ಊರಿಗೆ ನಾನು ಸೊಸೆಯಾಗಿ ಬಂದಾಗ ಹನ್ನೆರಡು ವರ್ಷ. ಅಕ್ಷರ ಕಲಿತದ್ದು ಬಹಳ ತಡವಾಗಿ, ತಲೆ ನರೆಯಲು ಶುರುವಾದ ಮೇಲೆ, ಬದನವಾಳಿಗೆ ನೂಲುವ ಕೆಲಸಕ್ಕೆ ಹೋಗುತ್ತಿದ್ದಾಗ. ಬರೆಯುವುದು ಬಂದ ಮೇಲೆ ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳುವ ಕಷ್ಟ ನನಗಿರಲಿಲ್ಲ. ಬರೆಯಬೇಕಾದ್ದು ಇದೊಂದೇ ಇತ್ತು. ಆದರೂ ಇಷ್ಟು ವರ್ಷ ದಬ್ಬಿಕೊಂಡು ಬಂದೆ. ಅದು ಹೇಡಿತನ, ಬೇರೆ ಹೆಸರು ಕೊಡುವುದಿಲ್ಲ.

ನಮ್ಮಲ್ಲಿ ಭತ್ತದ ನಾಟಿಗೆ ಕೂಲಿ ಕೊಟ್ಟು ಆಳು ಕರೆಯುತ್ತಿದ್ದವರು ಕಡಿಮೆ. ಮುಯ್ಯಾಳು ಇತ್ತು. ಎಂಟು ಮನೆ ಸೇರಿ ಒಂದು ಗುಂಪು. ಇವತ್ತು ನಿಮ್ಮ ಗದ್ದೆಗೆ ನಾವೆಲ್ಲ, ನಾಳೆ ಇನ್ನೊಬ್ಬರ ಗದ್ದೆಗೆ ನೀವೂ ಸೇರಿ ಎಲ್ಲ. ಒಂದು ಆಳಿಗೆ ಒಂದು ಆಳು. ಗಂಡಸರು ಕೆಸರು ಉಳುತ್ತಿದ್ದರು, ಸಸಿ ಬೆಳೆಸಿದ ಒಟ್ಲಿನಿಂದ ಪೈರು ಕಿತ್ತು ಕಟ್ಟು ಕಟ್ಟಿ ಎಸೆಯುತ್ತಿದ್ದರು. ನಾಟಿ ಹೆಂಗಸರದು. ನಾಲೆಯ ನೀರು ಇರುವಷ್ಟು ದಿನದಲ್ಲೇ ಎಂಟು ಮನೆಯ ಗದ್ದೆಯೂ ಮುಗಿಯಬೇಕು. ಒಬ್ಬಳೇ ಹಾಕುತ್ತೇನೆ ಎಂದು ಇಳಿದರೆ ಅರ್ಧ ಗದ್ದೆ ಮುಗಿಯುವುದರೊಳಗೆ ಮಿಕ್ಕ ಪೈರು ಒಟ್ಲಿನಲ್ಲೇ ಬಲಿತು ದನಕ್ಕೆ ಹಾಕುವಂತಾಗುತ್ತದೆ.

ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಮೊದಲನೆಯ ಜಾಗ ದೊಡ್ಡವ್ವನದು. ಅವಳು ಯಾರಿಗೆ ದೊಡ್ಡವ್ವ ಎಂದು ಯಾರೂ ಕೇಳುತ್ತಿರಲಿಲ್ಲ, ಇಡೀ ಗುಂಪಿಗೇ ದೊಡ್ಡವ್ವ. ಅವಳು ಬಗ್ಗಿದರೆ ನಾವು ಬಗ್ಗಬೇಕು, ಅವಳು ಎದ್ದು ಸೊಂಟ ಹಿಡಿದುಕೊಂಡರೆ ನಮಗೂ ಸೊಂಟ ನೆಟ್ಟಗಾಗುವ ಭಾಗ್ಯ. ಗುಂಪಿನಲ್ಲಿ ಮನೆಗೆ ಒಬ್ಬರಂತೆ, ನಮ್ಮ ಮನೆಯಿಂದ ಮಾತ್ರ ಇಬ್ಬರು, ನನ್ನ ಓರಗಿತ್ತಿ ಮತ್ತು ನಾನು. ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಗಂಡನ ಅಣ್ಣನ ಹೆಂಡತಿ. ತವರು ನೆನೆದು ಅಳುತ್ತಿದ್ದ ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ತಲೆ ಬಾಚಿ, ಮುದ್ದೆ ತಿರುವುವುದು ಕಲಿಸಿ ದೊಡ್ಡವಳನ್ನಾಗಿ ಮಾಡಿದ್ದು ಅವಳು. ಸಾಲಿನಲ್ಲಿ ನನ್ನ ಬಲಗಡೆ ಅವಳು. ಎಡಗಡೆ ನರಸೀಪುರದವಳು.

ನರಸೀಪುರದವಳಿಗೂ ಹೆಸರು ಇತ್ತು. ನಾವು ಕರೆಯುತ್ತಿರಲಿಲ್ಲ, ಅಷ್ಟೆ. ಹೊಳೆಯಾಚೆಯಿಂದ ಮದುವೆಯಾಗಿ ಬಂದು ಆರು ವರ್ಷವಾಗಿತ್ತು, ಒಂದು ಹೆಣ್ಣುಕೂಸೂ ಇತ್ತು. ಗಂಡ ಗಾಡಿ ಹೊಡೆಯಲು ಹೋದರೆ ವಾರಗಟ್ಟಲೆ ಊರಿನಲ್ಲಿ ಇರುತ್ತಿರಲಿಲ್ಲ. ಅತ್ತೆ ಹಿಂದಿನ ವರ್ಷ ತೀರಿಕೊಂಡಳು, ಅತ್ತೆಯ ಜಾಗಕ್ಕೆ ಇವಳು ಬಂದಳು. ಕೈ ಚುರುಕು. ಮಾತೂ ಚುರುಕು, ಅದು ದೊಡ್ಡವ್ವನಿಗೆ ಹಿಡಿಸುತ್ತಿರಲಿಲ್ಲ. ನನಗೆ ಹಿಡಿಸುತ್ತಿತ್ತು. ದಿನವಿಡೀ ಪಕ್ಕದಲ್ಲಿ ಬಗ್ಗಿ ಅದೂ ಇದೂ ಹೇಳಿ ನಗಿಸುತ್ತಿದ್ದಳು.

ಆಗ ಪ್ಲೇಗಿನ ಕಾಲ. ಯಾವ ವರ್ಷ ಯಾವ ಊರು ಎಂದು ಹೇಳುವಂತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಒಂದೇ, ಮೊದಲು ಇಲಿ ಬೀಳುತ್ತದೆ, ಆಮೇಲೆ ಮನುಷ್ಯರು. ಇಲಿ ಬಿದ್ದದ್ದು ಕಂಡರೆ ಪಟೇಲರಿಗೆ ತಿಳಿಸಬೇಕು, ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳಬೇಕು ಎಂದು ಸರ್ಕಾರದ ತಾಕೀತು ಇತ್ತು.

ಎರಡು ವರ್ಷದ ಹಿಂದೆ ನಮ್ಮ ಗುಂಪಿನಲ್ಲಿದ್ದ ಒಂದು ಮನೆಯವರು ಹಾಗೆ ತಿಳಿಸಿದ್ದರು. ತಾಲ್ಲೂಕಿನಿಂದ ಜನ ಬಂದು ಆ ಮನೆಯ ಹೆಂಚು ಇಳಿಸಿ, ಔಷಧಿ ಹೊಡೆದು, ಅವರನ್ನು ಊರ ಹೊರಗಿನ ತೋಪಿಗೆ ಕಳಿಸಿದರು. ಮಿಕ್ಕ ಊರು ಮನೆ ಬಿಟ್ಟು ಏಳಲಿಲ್ಲ. ಆ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದರೆ ಸೂತಕದ ಮನೆಯವರು ಪೈರು ಮುಟ್ಟಬಾರದೆಂಬ ನಮ್ಮ ಮುಯ್ಯಿಯ ಕಟ್ಟಳೆಯನ್ನು ಇಲಿ ಬಿದ್ದ ಮನೆಗೂ ಹಚ್ಚಿ, ದೊಡ್ಡವ್ವ ಅವರನ್ನು ಸಾಲಿನಿಂದ ಬಿಟ್ಟಳು. ನಾವು ಯಾರೂ ಅವರ ಗದ್ದೆಗೆ ಇಳಿಯಲಿಲ್ಲ. ಮುಂದಿನ ಬೇಸಗೆಗೆ ಅವರು ಕೊಡಗಿನ ಕಾಫಿ ತೋಟಕ್ಕೆ ಆಳಾಗಿ ಹೋದರು. ಅವರ ಜಾಗಕ್ಕೆ ಇನ್ನೊಂದು ಮನೆ ಬಂತು. ಪ್ಲೇಗಿಗಿಂತ ನಮಗೆ ಭಯ ಹುಟ್ಟಿಸಿದ್ದು ಅದು.

ಆ ವರ್ಷದ ನಾಟಿಗೆ ಸರದಿ ಹಾಕಿದಾಗ ಮೊದಲ ದಿನ ದೊಡ್ಡವ್ವನ ಗದ್ದೆ. ನಮ್ಮದು ಐದನೆಯ ದಿನ, ನರಸೀಪುರದವಳದು ಏಳನೆಯ ದಿನ. ಎರಡನೆಯ ದಿನ ಬೆಳಿಗ್ಗೆ ನಾನು ಕಸ ಗುಡಿಸುತ್ತಿದ್ದೆ. ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದಿನಿಂದ ಒಂದು ಇಲಿ ಈಚೆಗೆ ಬಂತು. ಓಡಲಿಲ್ಲ. ನೆಲದ ನಡುವೆ ಎರಡು ಸುತ್ತು ಸುತ್ತಿ ಮಗ್ಗುಲಾಯಿತು. ಅಕ್ಕ ಒಲೆಯ ಮುಂದೆ ಇದ್ದಳು, ಅವಳೂ ನೋಡಿದಳು. ಅವಳ ಎರಡು ವರ್ಷದ ಮಗ ಅದನ್ನು ಮುಟ್ಟಲು ಹೋದ. ಅಕ್ಕ ಅವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

"ಯಾರ್ಗೂ ಯೋಳ್ಬ್ಯಾಡ," ಎಂದಳು. "ನಮ್ಮ ಸರ್ದಿ ಇನ್ನ ಮೂರು ದಿನ ಅದೆ. ನಾಟಿ ಆಗೋಗ್ಲಿ, ಆಮ್ಯಾಲೆ ನಾವೇ ಗುಡ್ಲು ಹಾಕ್ಕೊಂಡು ಓಗಮ."

ಬೇಡ ಅಕ್ಕ ಎಂದು ನಾನು ಹೇಳಲಿಲ್ಲ. ಹೇಳಬೇಕು ಅನ್ನಿಸಲೂ ಇಲ್ಲ. ಬಾಲ ಹಿಡಿದು ಮಂಕರಿಗೆ ಹಾಕಿ, ಮೇಲೆ ಸಗಣಿ ಮುಚ್ಚಿ ತಿಪ್ಪೆಗೆ ಹೋದೆ. ಬೆಳಕು ಇನ್ನೂ ಸರಿಯಾಗಿ ಬಂದಿರಲಿಲ್ಲ, ಆದರೂ ತಿಪ್ಪೆಯ ಹತ್ತಿರ ಹೆಂಗಸರು. ನಾನು ಮಂಕರಿ ಸುರಿದು ಕಾಲಿನಿಂದ ಗೊಬ್ಬರ ಎಳೆದೆ. ತಿರುಗಿದರೆ ನರಸೀಪುರದವಳು ಮಂಕರಿ ಹೊತ್ತು ನಿಂತಿದ್ದಳು. ಮಳೆ ಹಿಡಿಯಿತಲ್ಲ ಎಂದೆ. ಹೌದು, ಹಿಡಿಯಿತು ಎಂದಳು. ಆ ವಾರ ನಮ್ಮೂರ ಹೆಂಗಸರಿಗೆ ಗೊಬ್ಬರದ ಮೇಲೆ ಹುಟ್ಟಿದ ಅಕ್ಕರೆಯನ್ನು ನೋಡಿ ಯಾರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅನುಮಾನ ಪಡಬೇಕಾದವರೆಲ್ಲರ ತಲೆಯ ಮೇಲೂ ಮಂಕರಿ ಇತ್ತು.

ಆ ದಿನ ಸಾಯಂಕಾಲ ನಾಲೆಯಲ್ಲಿ ಕಾಲು ತೊಳೆಯುವಾಗ ನರಸೀಪುರದವಳು ನನ್ನ ಪಕ್ಕಕ್ಕೆ ಬಂದಳು. ಮಿಕ್ಕವರು ಮುಂದೆ ಹೋಗಿದ್ದರು.

"ನಮ್ಮನೇಲಿ ಇಲಿ ಬಿತ್ತು ಕಣವ್ವ," ಎಂದಳು. "ನಮ್ಮ ತವರಲ್ಲಿ ಇಂಗೇ ಮುಚ್ಚಿಕ್ಕೊಂಡು ಕುಂತ್ರು. ನಮ್ಮವ್ವನೂ ಓದ್ಳು, ತಮ್ಮನೂ ಓದ. ನಾಳೆ ಉಣ್ಣೋ ವೊತ್ನಲ್ಲಿ ಎಲ್ಲಾರ್ ಮುಂದೂ ಯೋಳ್ಬುಡ್ತೀನಿ. ಎಲ್ಲಾರೂ ಒಟ್ಟಿಗೆ ಊರ್ ಬುಟ್ರೆ ಮುಯ್ಯಿನೂ ಉಳಿತದೆ, ಗುಡ್ಲಿಂದ್ಲೇ ಬಂದು ನಾಟಿ ಹಾಕ್ಬೋದು. ನೀನು ನನ್ ಜತೇಲಿ ನಿಂತ್ಕೊತೀಯಾ?"

"ನಿಂತ್ಕೊತೀನಿ," ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಆದರೆ ನಮ್ಮ ಮನೆಯಲ್ಲೂ ಬಿದ್ದಿದೆ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಮನೆಗೆ ಬಂದು ಅಕ್ಕನಿಗೆ ಇದನ್ನು ಹೇಳಿದೆ. ಅಕ್ಕ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಅವ್ಳು ಒರಗಿನವ್ಳು. ಇವತ್ತು ಯೋಳ್ತಾಳೆ, ನಾಳೆ ತವರ್ಗೆ ಓಯ್ತಾಳೆ. ನಾವೆಲ್ಲಿಗೆ ಓಗಮ?" ಎಂದಳು.

ಮೂರನೆಯ ದಿನ ಮಧ್ಯಾಹ್ನ ಬದುವಿನ ಮೇಲೆ ಕೂತು ಮುದ್ದೆ ಉಂಡೆವು. ನರಸೀಪುರದವಳು ಕೈ ತೊಳೆದುಕೊಂಡು ಬಂದು ದೊಡ್ಡವ್ವನ ಎದುರಿಗೆ ನಿಂತಳು. ತನ್ನ ಮನೆಯಲ್ಲಿ ಇಲಿ ಬಿದ್ದಿದೆ, ಬೇರೆ ಮನೆಗಳಲ್ಲೂ ಬಿದ್ದಿರಬೇಕು, ಎಲ್ಲರೂ ಒಟ್ಟಿಗೆ ಏಳೋಣ ಎಂದಳು. ಹಿಂದಿನ ಸಾಯಂಕಾಲ ನನಗೆ ಹೇಳಿದ್ದನ್ನೇ, ಅಷ್ಟೇ ನೆಟ್ಟಗೆ ಹೇಳಿದಳು.

ದೊಡ್ಡವ್ವ ಎಲೆ ಅಡಿಕೆ ಮಡಿಸುತ್ತಿದ್ದಳು. ಅವಳು ಕೋಪ ಮಾಡಿಕೊಳ್ಳಲಿಲ್ಲ. ಸಾಲಿನ ಪ್ರಕಾರ ಒಬ್ಬೊಬ್ಬರನ್ನೇ ಕೇಳಿದಳು. ನಿಮ್ಮನೇಲಿ ಬಿದ್ದದಾ? ಇಲ್ಲ ದೊಡ್ಡವ್ವ. ನಿಮ್ಮನೇಲಿ? ಇಲ್ಲ. ಅಕ್ಕ ನನಗಿಂತ ಮೊದಲು. ಇಲ್ಲ ದೊಡ್ಡವ್ವ ಎಂದಳು, ಮಗನ ಬಾಯಿ ಒರೆಸುತ್ತಾ. ಒಂದು ಮನೆಗೆ ಒಂದು ಮಾತು ಸಾಕಲ್ಲ, ದೊಡ್ಡವ್ವ ನನ್ನನ್ನು ಬಿಡಬಹುದಿತ್ತು. ಬಿಡಲಿಲ್ಲ. "ನೀನು?" ಎಂದಳು. ನರಸೀಪುರದವಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಭಯ ಇರಲಿಲ್ಲ, ಈಗ ಸರಿಹೋಗುತ್ತದೆ ಎಂಬಂತೆ ಇತ್ತು.

"ಇಲ್ಲ," ಎಂದೆ.

ನನಗಿಂತ ಮೊದಲು ಅಷ್ಟು ಜನ ಹೇಳಿದ್ದರಿಂದ ಆ ಮಾತು ತುಂಬ ಸಲೀಸಾಗಿ ಬಂತು. ಇದನ್ನು ಬರೆಯುವಾಗ ಅಷ್ಟು ಸಲೀಸಾಗಿ ಬರುತ್ತಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದಳು, ನಾನು ಇನ್ನೇನೋ ಹೇಳುವುದು ಬಾಕಿ ಇದೆ ಎಂಬಂತೆ. ಆಮೇಲೆ ದೊಡ್ಡವ್ವ, "ನಿನ್ ಮನೆಗೆ ಬಂದದೆ, ನೀನು ನೋಡ್ಕೊ. ಪೈರು ಮುಟ್ಬ್ಯಾಡ, ನಾಳೆಯಿಂದ ಸಾಲ್ಗೆ ಬರ್ಬ್ಯಾಡ," ಎಂದಳು. ಮೂರು ಮನೆಯ ಗದ್ದೆಗೆ ಅವಳು ಆಳಾಗಿ ಬಂದಿದ್ದಳು. ಆ ಮೂರು ಮನೆಯವರೂ ಕಾಲಿನ ಬೆರಳು ನೋಡಿಕೊಂಡು ಕೂತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಬದುವಿನ ಮೇಲೆ ನಡೆದು ಹೋದಳು.

ಪಟೇಲರ ಮನೆಗೂ ಹೋಗಿದ್ದಳು ಎಂದು ಆಮೇಲೆ ತಿಳಿಯಿತು. ಪಟೇಲರದೂ ನಾಟಿ ಆಗಿರಲಿಲ್ಲ, ಎಂಟು ದಿನ ತಡಿ ಅಂದರಂತೆ. ಅವಳು ತಡೆಯದೆ ಕೂಸನ್ನೂ ಎರಡು ಮಡಕೆಯನ್ನೂ ತೆಗೆದುಕೊಂಡು ಹೋಗಿ ತನ್ನ ಗದ್ದೆಯ ಮೂಲೆಯಲ್ಲಿ ತೆಂಗಿನ ಗರಿ ಹೊದಿಸಿ ಗುಡಿಸಲು ಮಾಡಿಕೊಂಡಳು. ನಾಲ್ಕನೆಯ ದಿನ ನಾವು ಸಾಲು ನಿಂತಾಗ ಅವಳ ಜಾಗ ಹಾಗೇ ಬಿಡಲಿಲ್ಲ. ಎಲ್ಲರೂ ಅರ್ಧ ಹೆಜ್ಜೆ ಸರಿದೆವು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಒಬ್ಬಳು ಇದ್ದಳು ಎಂಬುದೇ ಗೊತ್ತಾಗದಂತಾಯಿತು.

ಐದನೆಯ ದಿನ ನಮ್ಮ ಗದ್ದೆ. ಬೆಳಿಗ್ಗೆ ಎದ್ದಾಗ ಅಕ್ಕನ ಮೈ ಸುಡುತ್ತಿತ್ತು. ಕಣ್ಣು ಕೆಂಪಗೆ, ಬಲಗಾಲು ಎಳೆದು ಹಾಕುತ್ತಿದ್ದಳು. ತೊಡೆಯ ಸಂದಿನಲ್ಲಿ ಗಡ್ಡೆ ಕಟ್ಟಿದ್ದನ್ನು ನನಗೆ ತೋರಿಸಿದಳು, ಗಂಡನಿಗೆ ತೋರಿಸಲಿಲ್ಲ. ನೀನು ಮನೆಯಲ್ಲಿ ಇರು, ಇಬ್ಬರ ಕೆಲಸ ನಾನು ಮಾಡುತ್ತೇನೆ ಎಂದೆ. "ನಮ್ಮ ಗದ್ದೆಗೆ ನಾನೇ ಬರ್ದಿದ್ರೆ ಯಾನಂದಾರು?" ಎಂದಳು. ಬರಲಿಲ್ಲವೆಂದರೆ ಯಾಕೆಂದು ಕೇಳುತ್ತಾರೆ, ಯಾಕೆಂದು ತಿಳಿದರೆ ಎಲ್ಲರೂ ಬದುವಿನಿಂದಲೇ ತಿರುಗಿ ಹೋಗುತ್ತಾರೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ನಾಟಿಯ ಸಾಲಿನಲ್ಲಿ ಒಬ್ಬೊಬ್ಬರು ಆರಾರು ಬುಡ ನೆಟ್ಟು ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಾರೆ. ಒಬ್ಬಳ ಕೈ ಸೋತರೆ ಅಕ್ಕಪಕ್ಕದವರು ಅವಳ ಪಾಲಿನ ಒಂದೊಂದು ಬುಡ ತಾವೇ ನೆಡುತ್ತಾರೆ. ಕೇಳುವುದಿಲ್ಲ, ಹೇಳುವುದಿಲ್ಲ. ಬಸುರಿಯರಿಗೆ, ಹಿಂದಿನ ದಿನ ಗಂಡನಿಂದ ಹೊಡೆಸಿಕೊಂಡು ಬಂದವರಿಗೆ, ಮುದುಕಿಯರಿಗೆ ಹಾಗೆ ಮಾಡುತ್ತಿದ್ದರು. ಮುಯ್ಯಿಯಲ್ಲಿ ನಾನು ಕಂಡ ಒಳ್ಳೆಯದರಲ್ಲೆಲ್ಲ ಒಳ್ಳೆಯದು ಅದು.

ಆ ದಿನ ಬಿಸಿಲೇರುವುದರೊಳಗೆ ಅಕ್ಕನ ಆರು ಬುಡ ನಾಲ್ಕಾಯಿತು. ನಾನು ಒಂದು ತೆಗೆದುಕೊಂಡೆ, ಆಚೆ ಕಡೆಯವಳು ಒಂದು. ಉಂಡು ಬಂದ ಮೇಲೆ ಎರಡಾಯಿತು. ಅಕ್ಕ ಉಂಡಿರಲಿಲ್ಲ. ಅವಳು ನೆಟ್ಟ ಪೈರು ಕೆಸರು ಹಿಡಿಯದೆ ತೇಲುತ್ತಿತ್ತು. ಪಕ್ಕದವಳು ತನ್ನ ಕೈಯಿಂದಲೇ ಅದನ್ನು ಮತ್ತೆ ಊರುತ್ತಿದ್ದಳು. ದೊಡ್ಡವ್ವ ಒಂದು ಸಲ ಎದ್ದು ಸಾಲಿನ ಉದ್ದಕ್ಕೂ ನೋಡಿದಳು. ಅವಳ ಕಣ್ಣು ಅಕ್ಕನ ಮೇಲೆ ನಿಂತಿತು. ಮತ್ತೆ ಬಗ್ಗಿದಳು, ಕೈ ಮಾತ್ರ ನಿಧಾನ ಮಾಡಿದಳು. ಇಡೀ ಸಾಲು ನಿಧಾನವಾಯಿತು. ಹೊತ್ತು ಇಳಿಯುವಾಗ ಅಕ್ಕನ ಪಾಲಿಗೆ ಒಂದು ಬುಡವೂ ಉಳಿದಿರಲಿಲ್ಲ. ಕೈಯಲ್ಲಿ ಒಂದು ಹಿಡಿ ಪೈರು ಹಿಡಿದು, ಬಗ್ಗಿ, ನಮ್ಮ ಜೊತೆಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದಳು. ಎಲ್ಲರೂ ನೋಡಿದೆವು. ನೋಡಿ ಮುಂದಿನ ಬುಡ ನೆಟ್ಟೆವು.

ಅಷ್ಟು ಅಕ್ಕರೆಯಿಂದ ನಾವು ಅವಳನ್ನು ಸಾಯಲು ಬಿಟ್ಟೆವು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ.

ನಮ್ಮ ಗದ್ದೆ ಪೂರ್ತಿ ನಾಟಿಯಾಯಿತು. ಅದಾದ ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೋದಳು. ಕೊನೆಯಲ್ಲಿ ನನ್ನನ್ನು ಯಾರೆಂದು ಗುರುತಿಸಲಿಲ್ಲ, ಸಾಲು ಕೆಡುತ್ತಿದೆ, ಸರಿಯಾಗಿ ಹಾಕು ಎನ್ನುತ್ತಿದ್ದಳು. ಅದೇ ದಿನ ದೊಡ್ಡವ್ವನ ಸೊಸೆ ಮಲಗಿದಳು, ಮಾರನೆಯ ದಿನ ಮೊಮ್ಮಗ. ಆಮೇಲೆ ಅಕ್ಕನ ಆಚೆ ಪಕ್ಕದವಳು, ತೇಲುವ ಪೈರನ್ನು ಮತ್ತೆ ಊರುತ್ತಿದ್ದಳಲ್ಲ, ಅವಳು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ನರಸೀಪುರದಿಂದ ಅಮಲ್ದಾರರ ಕಡೆಯವರು ಬಂದರು. ಊರಿಗೆ ಊರೇ ಗಂಟುಮೂಟೆ ಹೊತ್ತು ಮಳೆಯಲ್ಲಿ ತೋಪಿಗೆ ಹೋಯಿತು.

ತೋಪಿನಲ್ಲಿ ಒಂದು ಮಧ್ಯಾಹ್ನ ಸೋರುವ ಗುಡಿಸಲಿನಲ್ಲಿ ಉಳಿದವರು ಸೇರಿ ಕೂತಿದ್ದೆವು. ಅಕ್ಕನ ಮಗ ನನ್ನ ತೊಡೆಯ ಮೇಲಿದ್ದ. ದೊಡ್ಡವ್ವ ಯಾರೂ ಕೇಳದೆ ತಾನಾಗಿಯೇ ಹೇಳಿದಳು.

"ನಮ್ಮನೇಲಿ ನಾಟಿ ಶುರುವಾಗೋ ಮುಂಚೇನೆ ಬಿದ್ದಿತ್ತು. ಆ ನರಸೀಪುರದವ್ಳ ಜತೇಲಿ ಇನ್ನೊಬ್ಳು ಹೂಂ ಅಂದಿದ್ರೆ ನಾನೂ ಹೂಂ ಅಂತಿದ್ದೆ."

ಅವಳ ಪಕ್ಕದವಳು, ನಮ್ಮ ಮನೆಯಲ್ಲಿ ಎರಡನೆಯ ದಿನ ಎಂದಳು. ಇನ್ನೊಬ್ಬಳು ನಮ್ಮಲ್ಲೂ ಅವತ್ತೇ ಎಂದಳು. ಬದುವಿನ ಮೇಲೆ ಯಾವ ಸಾಲಿನಲ್ಲಿ ಇಲ್ಲ ಎಂದಿದ್ದೆವೋ ಅದೇ ಸಾಲಿನಲ್ಲಿ ಈಗ ಹೌದು ಎನ್ನುತ್ತಾ ಬಂದರು. ಎಂಟು ಮನೆ, ಎಂಟರಲ್ಲೂ ಬಿದ್ದಿತ್ತು. ಪ್ರತಿಯೊಬ್ಬಳೂ ನರಸೀಪುರದವಳದು ಬಿಟ್ಟರೆ ತನ್ನ ಮನೆಯಲ್ಲಿ ಮಾತ್ರ ಬಿದ್ದಿದೆ, ಹೇಳಿದರೆ ತನ್ನನ್ನು ಸಾಲಿನಿಂದ ಬಿಡುತ್ತಾರೆ ಎಂದುಕೊಂಡಿದ್ದಳು. ಹಾಗೆ ಬಿಡುವ ಹಕ್ಕಿದ್ದವಳು ಆ ಸಾಲಿನಲ್ಲಿ ಒಬ್ಬಳೂ ಇರಲಿಲ್ಲ. ನನ್ನ ಸರದಿ ಬಂದಾಗ ನಾನೂ ಹೇಳಿದೆ. ಆಮೇಲೆ ಯಾರೂ ಅಳಲಿಲ್ಲ, ಬೈದಾಡಲೂ ಇಲ್ಲ. ಮಳೆ ನೀರು ಒಳಗೆ ಬರುತ್ತಿತ್ತು, ಒಬ್ಬಳು ಎದ್ದು ಕಾಲುವೆ ಕೆತ್ತಿದಳು.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಮಗನನ್ನು ನನ್ನ ಗಂಡನ ಕೈಗೆ ಕೊಟ್ಟು ನರಸೀಪುರದವಳ ಗದ್ದೆಗೆ ಹೋದೆ. ಅವಳೂ ಕೂಸೂ ಚೆನ್ನಾಗಿದ್ದರು. ಕೂಸು ಮಳೆಗೆ ತಲೆಯಿಂದ ಕಂಬಳಿ ಗುಪ್ಪೆ ಹಾಕಿಕೊಂಡು ಬದುವಿನ ಮೇಲೆ ಕೂತಿತ್ತು. ಅವಳು ಒಬ್ಬಳೇ ನಾಟಿ ಹಾಕುತ್ತಿದ್ದಳು. ಒಟ್ಲಿನಲ್ಲಿ ಪೈರು ಬಲಿತು ಗಿಣ್ಣು ಕಟ್ಟಿತ್ತು, ತುದಿ ಹಳದಿಯಾಗಿತ್ತು. ಅದು ತೆನೆ ಬಿಡುವ ಪೈರಲ್ಲ ಎಂದು ಅವಳಿಗೂ ಗೊತ್ತಿತ್ತು. ಗದ್ದೆಯ ಕಾಲು ಭಾಗ ಆಗಿತ್ತು.

ನಾನು ಕೆಸರಿಗೆ ಇಳಿದೆ. ಅವಳು ತಲೆ ಎತ್ತಿದಳು. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಹೋಯಿತು.

"ನಮ್ಮನೇಲೂ ಬಿದ್ದಿತ್ತು," ಎಂದೆ.

"ಗೊತ್ತು ಕಣವ್ವ," ಎಂದಳು. "ತಿಪ್ಪೇಲಿ ನೀನು ಮಂಕ್ರಿ ಸುರಿದಾಗ ಬಾಲ ಕಾಣ್ತಿತ್ತು. ನನ್ ಮಂಕ್ರೀಲೂ ಅದೇ ಇತ್ತು. ಅದ್ಕೇ ನಿನ್ನ ಕೇಳುದ್ದು. ಬ್ಯಾರೆ ಯಾರ್ನೂ ಕೇಳ್ನಿಲ್ಲ."

ನಾನು ಕೆಸರಿನಲ್ಲಿ ಒಂದು ಹೆಜ್ಜೆ ಮುಂದಿಟ್ಟು ಕೇಳಿದೆ. "ಬದದ ಮ್ಯಾಲೆ ನಾನು ಇಲ್ಲ ಅಂದಾಗ ಯಾಕೆ ಯೋಳ್ನಿಲ್ಲ? ಇವ್ಳ ಮನೇಲೂ ಬಿದ್ದದೆ ಅಂತ ಒಂದು ಮಾತು ಅಂದಿದ್ರೆ ಆಗಿತ್ತಲ್ಲ?"

"ನೀನೇ ಯೋಳ್ತೀಯ ಅಂತ ಕಾಯ್ತಾ ಇದ್ದೆ."

ಅದನ್ನು ಹಂಗಿಸಿ ಹೇಳಲಿಲ್ಲ. ಹೊತ್ತು ಎಷ್ಟಾಯಿತು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಅಕ್ಕ ಅವತ್ತೇ ತೋಪಿಗೆ ಬಂದಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ಯಾವ ದೇವರೂ ನನಗೆ ಹೇಳಿಲ್ಲ. ಆದರೆ ನಾನು ಹೌದು ಎಂದಿದ್ದರೆ ದೊಡ್ಡವ್ವನೂ ಹೌದು ಎನ್ನುತ್ತಿದ್ದಳು ಎಂಬುದು ಹಿಂದಿನ ದಿನವಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಇಬ್ಬರು ಸಾಕಾಗಿತ್ತು. ಒಬ್ಬಳು ಎದ್ದು ನಿಂತಿದ್ದಳು.

ನಾನು ಬಗ್ಗಿ ನೀರಿನಲ್ಲಿದ್ದ ಒಂದು ಕಟ್ಟು ಪೈರು ಎತ್ತಿಕೊಂಡೆ. ಅವಳು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡಳು.

"ನಿಮ್ಮ ಗದ್ದೆಗೆ ನಾನು ಬಂದಿಲ್ಲ," ಎಂದಳು. "ನಿಂಗೂ ನಂಗೂ ಮುಯ್ಯಿ ಇಲ್ಲ. ಓಗು, ನಿಮ್ಮಕ್ಕನ ಕೂಸು ಅಳ್ತಾ ಇರ್ತದೆ."

ನಾನು ಬದುವಿಗೆ ಹತ್ತಿದೆ. ಹೋಗಲಾರದೆ ಅಲ್ಲೇ ನಿಂತೆ. ಅವಳು ಮತ್ತೆ ಬಗ್ಗಿ ಆರು ಬುಡ ನೆಟ್ಟು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಮತ್ತೆ ಆರು ಬುಡ, ಮತ್ತೆ ಒಂದು ಹೆಜ್ಜೆ. ನಾಟಿ ಹಾಕುವವಳು ಹಿಂದಕ್ಕೆ ನಡೆಯುತ್ತಾಳೆ. ಹಾಗಾಗಿ ಅವಳು ನನ್ನಿಂದ ದೂರ ಹೋಗುತ್ತಿದ್ದರೂ ಮುಖ ನನ್ನ ಕಡೆಗೇ ಇತ್ತು. ಆಚೆ ಬದುವಿನವರೆಗೂ ಒಂದು ಸಲವೂ ತಲೆ ಎತ್ತಲಿಲ್ಲ.